ಸೂಜಿಯ ಹಾಡು ಮತ್ತು ನನ್ನದೊಂದು ವಾಕ್ಯ

ರೋಣದ ನೋಂದಣಿ ಕಚೇರಿಯ ಎದುರಿನ ಕಟ್ಟೆಯ ಮೇಲೆ ಕುಳಿತು ನಾನು ಜೀವಮಾನವಿಡೀ ದಸ್ತಾವೇಜು ಬರೆದೆ. ಖರೀದಿ ಪತ್ರ, ಪಾಲು ಹಂಚುವ ವಾಟ್ನಿ ಪತ್ರ, ಬಕ್ಷೀಸು ಪತ್ರ, ಮನೆಯವರು ಅಳುತ್ತ ನಿಂತಿದ್ದರೆ ಮೃತ್ಯುಪತ್ರ. ಪೂರ್ವಕ್ಕೆ ಹಳ್ಳ ಎಂದು ಬರೆಯಬೇಕಾದಲ್ಲಿ ಪಶ್ಚಿಮಕ್ಕೆ ಹಳ್ಳ ಎಂದು ಬರೆದರೆ ಅಣ್ಣ ತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ತಿರುಗುತ್ತಾರೆ. ಹಳ್ಳ ಮಾತ್ರ ತನ್ನ ಪಾಡಿಗೆ ಪೂರ್ವಕ್ಕೇ ಹರಿಯುತ್ತಿರುತ್ತದೆ. ಹೀಗಾಗಿ ಶಬ್ದದ ವಿಷಯದಲ್ಲಿ ನಾನು ಬಹಳ ಹುಷಾರು ಮನುಷ್ಯನೆಂದು ತಾಲೂಕಿನಲ್ಲಿ ಒಂದು ಅಭಿಪ್ರಾಯವಿತ್ತು. ನನಗೂ ಇತ್ತು. ಸದರಿ ಅಭಿಪ್ರಾಯ ರದ್ದಾದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸಾಕ್ಷಿದಾರರು ಯಾರೂ ಇಲ್ಲ. ಇದ್ದವಳು ಒಬ್ಬಳು, ನನ್ನ ಅಕ್ಕ. ಅವಳು ಹೋದಳು.

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ನಾಟಕ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದು, ಕಂಪನಿ ಮುಳುಗಿದ ಮೇಲೆ ಊರೂರು ಭಜನೆಗೆ ಹೋಗುತ್ತಿದ್ದ ಒಬ್ಬರಿದ್ದರು. ಜನ ಅವರನ್ನು ಪೇಟಿ ಮಾಸ್ತರ ಎಂದೇ ಕರೆಯುತ್ತಿದ್ದರು. ದೊಡ್ಡ ಹೆಸರೇನಲ್ಲ. ಧಾರವಾಡದ ಸಂಗೀತ ಬಲ್ಲವರ ಮುಂದೆ ಅವರ ಮಾತು ತೆಗೆದರೆ ಅವರು ಚಹಾ ತರಿಸಿ ಬೇರೆ ಮಾತು ಶುರು ಮಾಡುತ್ತಿದ್ದರು. ಆದರೆ ಆ ಧ್ವನಿಯನ್ನು ನಾನು ಬೇರೆ ಯಾರಲ್ಲೂ ಕೇಳಲಿಲ್ಲ. ಮೊದಲ ಸಾಲು ಒಣ ದಂಟು ಮುರಿದಂತೆ ಬರುತ್ತಿತ್ತು. ಎರಡನೆಯ ಸಾಲಿಗೆ ಅದೇ ಧ್ವನಿಯೊಳಗೆ ಎಲ್ಲಿಂದಲೋ ನೀರು ಬಂದು ಸೇರುತ್ತಿತ್ತು. ಕೇಳುವವನಿಗೆ ತಾನು ಏನೋ ತಪ್ಪು ಮಾಡಿದ್ದೇನೆ, ಆದರೆ ಕ್ಷಮೆಯಾಗಿದೆ ಎಂದು ಏಕಕಾಲಕ್ಕೆ ಅನ್ನಿಸುತ್ತಿತ್ತು.

ನಾವು ಹುಟ್ಟಿದ್ದು ಜಕ್ಕಲಿಯಲ್ಲಿ. ಶ್ರಾವಣದ ಒಂದು ಸಂಜೆ ಮಾಸ್ತರ ಅಲ್ಲಿಗೆ ಬಂದಾಗ ನನಗೆ ಹನ್ನೆರಡು, ಅಕ್ಕನಿಗೆ ಹದಿನಾರು. ಅವರು ಹಾಡಿದ ಪದ ಹೀಗೆ ಶುರುವಾಗುತ್ತಿತ್ತು:

ಸೂಜಿ ಮುಟ್ಟಿಸಬ್ಯಾಡ ಅಕ್ಕ ಹರಕ ಕೌದೀಗೆ
ಹರಿಯೂದು ಹರಿಯಲಿ ಬಿಡು ಹಳೆಯ ಕೌದೀಗೆ

ಕೌದಿ ಎಂದರೆ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಹೊದಿಕೆ. ಮೊದಲ ನುಡಿಯಲ್ಲಿ ಹೊಲಿಯಬೇಡ ಎನ್ನುತ್ತಾರೆ. ಎರಡನೆಯದರಲ್ಲಿ ಇದು ಅಪ್ಪನ ಧೋತರದ ತುಂಡು, ಇದು ಅವ್ವನ ಸೆರಗು, ಇದು ಸತ್ತವನ ರುಮಾಲು, ಇದರಲ್ಲಿ ನಿನ್ನದೆಂಬುದು ಎಲ್ಲಿದೆ ಎಂದು ಕೇಳುತ್ತಾರೆ. ಆ ಸಂಜೆ ಮನೆಗೆ ನಡೆದು ಬರುವಾಗ ನಾನು ಅಕ್ಕನಿಗೆ ಅರ್ಥ ಬಿಡಿಸಿ ಹೇಳಿದೆ. ಕೌದಿ ಎಂದರೆ ಕೌದಿಯಲ್ಲ, ಈ ದೇಹ. ಮಠದ ಪ್ರವಚನವೊಂದರಲ್ಲಿ ಇಂಥದೇನೋ ಕೇಳಿದ್ದೆ. ಕೇಳಿದ್ದನ್ನು ಎಲ್ಲಿಯಾದರೂ ಇಳಿಸಬೇಕಿತ್ತು.

ಅಕ್ಕ ತಲೆಗೊಂದು ಮೊಟಕಿದಳು. “ನಿನ್ನ ತಲಿ. ಕೌದಿ ಅಂದ್ರ ಕೌದಿ.”

ಮೊಟಕಿದಳೇ ಹೊರತು ಮರೆಯಲಿಲ್ಲ. ಅದು ನನಗೆ ಗೊತ್ತಾಗಲು ಐವತ್ತು ವರ್ಷ ಬೇಕಾಯಿತು.

ಮುಂದೆ ಅಕ್ಕನನ್ನು ಗಜೇಂದ್ರಗಡಕ್ಕೆ ಕೊಟ್ಟರು. ಮಾಸ್ತರರ ಒಂದೇ ಒಂದು ಕ್ಯಾಸೆಟ್ಟು ಬಂದಿತ್ತು. ನಾನೊಂದು ಕೊಂಡೆ, ಅವಳಿಗೊಂದು ಕೊಟ್ಟೆ. ಅವಳದನ್ನು ಮೊಮ್ಮಕ್ಕಳು ಬಿಚ್ಚಿ ಹಬ್ಬದ ತೋರಣ ಮಾಡಿದವು. ನನ್ನದರಲ್ಲಿ ಸೂಜಿಯ ಪದ ಕೊನೆಗಿತ್ತು. ಮೂರನೆಯ ನುಡಿ ಶುರುವಾಗುವಲ್ಲಿ ಟೇಪನ್ನು ಯಂತ್ರ ತಿಂದುಹಾಕಿತ್ತು. ನಾನು ಎಷ್ಟೋ ವರ್ಷ ಎರಡು ನುಡಿ ಕ್ಯಾಸೆಟ್ಟಿನಲ್ಲಿ ಕೇಳಿ, ಮೂರನೆಯದನ್ನು ಸ್ವಂತ ಗಂಟಲಿನಲ್ಲಿ ಪೂರೈಸುತ್ತಿದ್ದೆ. ಮನೆಯವರು ಆ ಹೊತ್ತಿಗೆ ಹಿತ್ತಲಿಗೆ ಹೋಗಿರುತ್ತಿದ್ದರು.

ಕೊರೊನಾ ಬಂತು. ಕಚೇರಿ ಮುಚ್ಚಿತು, ಬರೆಯಲು ಯಾರ ಹೊಲವೂ ಇಲ್ಲ. ಆ ಬಿಡುವಿನಲ್ಲಿ ಕ್ಯಾಸೆಟ್ಟಿನ ಹಾಡನ್ನು ಮೊಬೈಲಿಗೆ ಇಳಿಸಿಕೊಂಡೆ. ಮಾಸ್ತರ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆಯ ಭಜನಾಪ್ರಿಯರದೊಂದು ವಾಟ್ಸಾಪ್ ಗುಂಪಿದೆ. ಅದಕ್ಕೆ ಹಾಡನ್ನು ಕಳಿಸಿದೆ, ಅಕ್ಕನಿಗೂ ಕಳಿಸಿದೆ. ಬರೀ ಹಾಡು ಕಳಿಸಿದ್ದರೆ ಏನಾಗುತ್ತಿತ್ತೋ. ದಸ್ತಾವೇಜು ಬರೆದ ಕೈ, ಕೆಳಗೊಂದು ಒಕ್ಕಣೆ ಇಲ್ಲದೆ ಕಾಗದವನ್ನು ಬಿಟ್ಟುಕೊಡುವುದಿಲ್ಲ. ಹೀಗೆ ಬರೆದೆ: “ಈ ಮಹನೀಯರು ಅಂದೇ ಎಲ್ಲವನ್ನೂ ಬಲ್ಲವರಾಗಿದ್ದರು. ಇಂದಿನ ದಿನಕ್ಕಾಗಿಯೇ ಹಾಡಿದಂತಿದೆ.”

ನನ್ನ ಮನಸ್ಸಿನಲ್ಲಿದ್ದದ್ದು ಸಾವು. ಓಣಿ ಓಣಿಯಲ್ಲಿ ಜನ ಹೋಗುತ್ತಿದ್ದರು. ಹಳೆಯ ಕೌದಿ, ಹರಿಯುವುದು ಹರಿಯಲಿ ಎಂಬ ಅರ್ಥದಲ್ಲಿ ಬರೆದಿದ್ದೆ. ಆದರೆ ಬರೆದದ್ದರಲ್ಲಿ ಆ ಅರ್ಥದ ಚಕ್ಕುಬಂದಿ ಇರಲಿಲ್ಲ. ನಾಲ್ಕೂ ದಿಕ್ಕಿಗೆ ಬೇಲಿಯಿಲ್ಲದ ವಾಕ್ಯ ಅದು. ಯಾರು ಬೇಕಾದರೂ ಒಳಗೆ ನುಗ್ಗಬಹುದಿತ್ತು.

ಲಸಿಕೆ ಶುರುವಾದ ಮೇಲೆ ನುಗ್ಗಿದರು. ನಮ್ಮ ಸೀಮೆಯಲ್ಲಿ ಇಂಜೆಕ್ಷನ್ ಎಂದು ಯಾರೂ ಹೇಳುವುದಿಲ್ಲ. ಜ್ವರ ಬಂದರೆ ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಳ್ಳುತ್ತಾರೆ. ಬಟ್ಟೆ ಹೊಲಿಯುವುದೂ ಸೂಜಿ, ಡಾಕ್ಟರ ಕೈಯಲ್ಲಿರುವುದೂ ಸೂಜಿ. ಹಾಡು ಒಂದು ದಿನ ನನ್ನ ಮೊಬೈಲಿಗೇ ವಾಪಸು ಬಂತು, ಅನೇಕ ಬಾರಿ ರವಾನೆಯಾಗಿದೆ ಎಂಬ ಗುರುತಿನೊಂದಿಗೆ. ಮೇಲೆ ಲಸಿಕೆಯ ಸೂಜಿಯ ಚಿತ್ರ, ಅದಕ್ಕೆ ಅಡ್ಡಗೆರೆ. ಕೆಳಗೆ ನನ್ನ ವಾಕ್ಯ, ಒಂದಕ್ಷರ ಬದಲಿಲ್ಲದೆ. ಅದರ ಕೆಳಗೆ ನನ್ನದಲ್ಲದ ಹತ್ತಾರು ಸಾಲು: ಮಾಸ್ತರ ತಮ್ಮ ಯೋಗಬಲದಿಂದ ಈ ಸೂಜಿಯನ್ನು ಮೊದಲೇ ಕಂಡಿದ್ದರು, ಆ ಪದ ಹಾಡಬೇಡಿ ಎಂದು ಪರದೇಶದವರು ಬಂದು ಹೇಳಿದರೂ ಕೇಳಲಿಲ್ಲ, ಅದಕ್ಕೇ ಅವರನ್ನು ಮುಗಿಸಿದರು, ಇದನ್ನು ಹತ್ತು ಜನರಿಗೆ ಕಳಿಸಿ.

ಒಂದು ಮಾತನ್ನು ಮುಚ್ಚಿಡಬಾರದು. ಮೊದಲ ಸಲ ಅದನ್ನು ಓದಿದಾಗ ನನಗೆ ಒಳಗೊಳಗೇ ಸಣ್ಣ ಸಂತೋಷವಾಯಿತು. ನಾನು ಬರೆದ ವಾಕ್ಯ ರೋಣ ತಾಲೂಕು ದಾಟಿದ್ದು ಅದೇ ಮೊದಲು.

ಮಾಸ್ತರರನ್ನು ಮುಗಿಸಿದ್ದು ಸಕ್ಕರೆ ರೋಗ. ಮೊದಲು ಒಂದು ಬೆರಳು, ಆಮೇಲೆ ಒಂದು ಪಾದ, ಆಮೇಲೆ ಎಲ್ಲ. ನರಗುಂದದಲ್ಲಿ ಅವರ ಮಣ್ಣಿಗೆ ನಾನೇ ಹೋಗಿದ್ದೆ. ಹೊರಗಿನಿಂದ ಬಂದವರೆಂದರೆ ನಾನು ಮತ್ತು ಬಸ್ಸು ತಪ್ಪಿಸಿಕೊಂಡ ಒಬ್ಬ ತಬಲಾದವರು. ಪರದೇಶದವರು ಯಾರೂ ಕಾಣಲಿಲ್ಲ.

ಗುಂಪಿನಲ್ಲಿ ತಿದ್ದುಪಡಿ ಬರೆದೆ. ಮೂರು ಪ್ಯಾರಾ. ತತ್ವಪದದಲ್ಲಿ ಬರುವ ಸೂಜಿಗೂ ಲಸಿಕೆಗೂ ಯಾವ ಸಂಬಂಧವೂ ಇಲ್ಲ, ನಾನು ಸ್ವತಃ ಎರಡೂ ಸಲ ಹಾಕಿಸಿಕೊಂಡಿದ್ದೇನೆ, ಎಲ್ಲರೂ ಹಾಕಿಸಿಕೊಳ್ಳಬೇಕಾಗಿ ವಿನಂತಿ. ಹದಿನೈದು ಕೈಮುಗಿದ ಚಿತ್ರಗಳು ಬಂದವು. ಒಬ್ಬರು “ಉತ್ತಮ ಸಂದೇಶ, ಶುಭೋದಯ” ಎಂದರು. ಆಗ ಮಧ್ಯಾಹ್ನ ಮೂರು ಗಂಟೆ. ಇನ್ನೊಬ್ಬರು ಖಾಸಗಿಯಾಗಿ ಬರೆದರು: “ನಿಮ್ಮ ಮ್ಯಾಲೆ ಯಾರದೋ ಒತ್ತಡ ಐತಿ ಅಂತ ತಿಳೀತು. ಹೆದರಬ್ಯಾಡ್ರಿ, ನಾವು ಅದೀವಿ.”

ಗಜೇಂದ್ರಗಡದಿಂದ ಅಕ್ಕನ ಮಗಳ ಫೋನು ಬಂತು. “ಮಾಮಾ, ಅವ್ವ ಲಸಿಕಿ ಒಲ್ಲೆ ಅಂತಾಳ್ರಿ. ನೀವು ಕಳಿಸಿದ ಹಾಡು ಓಣಿಗೆಲ್ಲಾ ಕೇಳಿಸ್ಯಾಳ. ಆಶಾ ಅಕ್ಕಾರು ಬಂದ್ರ ಅವರಿಗೂ ಕೇಳಿಸಿದಳು. ಪಾಪ, ಹಾಡು ಮುಗಿಯೂತನಕಾ ನಿಂತು, ಚಲೋ ಐತ್ರಿ ಅಂದು ಹ್ವಾದರು.”

ಮರುದಿನವೇ ಬಸ್ಸು ಹತ್ತಿದೆ. ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು. ಅವು ಮೋಡ ಓಡಿಸುತ್ತವೆ, ಅದಕ್ಕೇ ಮಳೆಯಿಲ್ಲ ಎಂದು ಅಲ್ಲಿಯ ಜನ ನಂಬಿದ್ದರು. ಮಳೆ ಹೆಚ್ಚಾಗಿ ಬೆಳೆ ಕೊಳೆತ ವರ್ಷವೂ ಆ ನಂಬಿಕೆಗೆ ಏನೂ ಆಗಿರಲಿಲ್ಲ. ಅದನ್ನು ಕೇಳಿ ನಾನು ಎಷ್ಟೋ ಸಲ ನಕ್ಕಿದ್ದೆ. ಈ ಸಲ ಕಿಟಕಿಯಿಂದ ಅವನ್ನು ನೋಡಿದೆ, ನಗು ಬರಲಿಲ್ಲ.

ಅಕ್ಕ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕುಳಿತಿದ್ದಳು. ಎದುರು ಮನೆಯವಳು ಇನ್ನೊಂದು ಅಂಚು ಹಿಡಿದಿದ್ದಳು. ಇಬ್ಬರ ಬಾಯಲ್ಲೂ ದಾರ.

“ಬಾರೋ, ಹಾಡಿನ ಸಾಹುಕಾರ,” ಎಂದಳು ಅಕ್ಕ. “ನಿನ್ನ ಹಾಡು ಊರಿಗೆಲ್ಲಾ ಬಂದೈತಿ, ನೀ ಈಗ ಬಂದಿ.”

“ಅಕ್ಕಾ, ಅದು ಆ ಸೂಜಿ ಅಲ್ಲ. ನಿನ್ನ ಕೈಯಾಗ ಐತಲ್ಲ, ಈ ಸೂಜಿ.”

“ಹೌದೇನು? ಜಕ್ಕಲ್ಯಾಗ ಏನ ಹೇಳಿದ್ದಿ? ಕೌದಿ ಅಂದ್ರ ಏನು?”

ನಾನು ಕೌದಿಯ ಅಂಚು ಸರಿಮಾಡತೊಡಗಿದೆ.

“ಹೇಳೋ. ಕೌದಿ ಅಂದ್ರ ಏನು?”

“ದೇಹ.”

“ಕೌದಿ ದೇಹ ಆದ ಮ್ಯಾಲೆ ಸೂಜಿ ಯಾವುದಾತು?”

ಎದುರು ಮನೆಯವಳು ಬಾಯಿಯ ದಾರ ತೆಗೆದು, “ಖರೇ ಐತಲ್ರಿ ಮತ್ತ,” ಎಂದಳು.

ಮೂವತ್ತು ವರ್ಷ ವಕೀಲರ ನಡುವೆ ಕೂತೆದ್ದವನು ನಾನು. ಇಷ್ಟು ಗಟ್ಟಿಯಾದ ವಾದವನ್ನು ಕೇಳಿರಲಿಲ್ಲ. ಅದನ್ನು ಕಟ್ಟಿಕೊಟ್ಟವನು ನಾನೇ.

“ಅಕ್ಕಾ, ಮೂರನೇ ನುಡಿ ಐತಿ. ಟೇಪಿನ್ಯಾಗ ಇಲ್ಲ. ಅದರಾಗ ಮಾಸ್ತರ ಮಾತು ತಿರುಗಸ್ತಾರ,” ಎಂದು ಹಾಡಿಯೇ ತೋರಿಸಿದೆ:

ಸೂಜಿ ಕೊಟ್ಟಾಂವ ಬಂದು ಕೇಳೂತನಕಾ
ಹೊಲಿಯೇ ಅಕ್ಕ ಹೊಲಿಯೇ ಕೈ ಸೋಲೂತನಕಾ

ಅಕ್ಕ ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. “ಭಾಳ ಚಲೋ ಕಟ್ಟೀದಿ. ದಾರ್ಯಾಗ ಬಸ್ಸಿನ್ಯಾಗ ಕಟ್ಟಿದ್ಯೋ, ಮನ್ಯಾಗ ಬರಕೊಂಡ ಬಂದ್ಯೋ?”

“ಜಕ್ಕಲ್ಯಾಗ ಹಾಡಿದ್ರು. ನೀನೂ ಕೇಳೀದಿ.”

“ನಾ ಕೇಳಿಲ್ಲ. ಅಲ್ಲೇ ಇದ್ನೆಲ್ಲ ನಾನು.” ಸೂಜಿಗೆ ದಾರ ಪೋಣಿಸುತ್ತ ತಗ್ಗಿದ ದನಿಯಲ್ಲಿ ಹೇಳಿದಳು, “ನೀ ದಸ್ತಾವೇಜು ಬರಿಯಾಂವ ತಮ್ಮಾ. ಏನ ಬೇಕಾದ್ರೂ ಬರೀತಿ.”

ಮಗಳು ಲಸಿಕೆ ಹಾಕಿಸಿಕೊಂಡು ಎರಡು ದಿನ ಜ್ವರದಲ್ಲಿ ಮಲಗಿದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಅಕ್ಕನಿಗೆ ಉಬ್ಬಸವಿತ್ತು. ರೋಗ ಬಂದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಮಗಳ ಮುಂದೆ ಬಿಚ್ಚಿ ಹೇಳಿದ್ದರು. ಮಗಳು ಅದನ್ನು ನನಗೆ ಹೇಳಿದ್ದು ನಾನು ಹೊರಟು ಬಾಗಿಲ ಹೊರಗೆ ಚಪ್ಪಲಿ ಮೆಟ್ಟುವಾಗ. ಅಲ್ಲಿಯವರೆಗೆ ನಾನು ಒಂದು ಹಾಡಿನ ಅರ್ಥಕ್ಕಾಗಿ ವಾದಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಮೂರನೆಯ ನುಡಿಗೆ ಸಾಕ್ಷಿ ಬೇಕಿತ್ತು. ನರಗುಂದದಲ್ಲಿ ಮಾಸ್ತರರ ಹೆಂಡತಿ ಇನ್ನೂ ಇದ್ದರು. ಎರಡು ದಿನ ಬಿಟ್ಟು ಅಲ್ಲಿಗೆ ಹೋದೆ. ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಹೊಸ್ತಿಲಾಚೆ ನಿಂತು, ಬಂದ ಕಾರಣವನ್ನು ಅರ್ಜಿ ಓದಿದಂತೆ ಒಪ್ಪಿಸಿದೆ. ಹಾಡು ಊರೂರು ತಿರುಗುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು.

“ಏನ ಸೂಜಿ? ಕಣ್ಣು ಕಾಣೂದಿಲ್ಲೇನ್ರಿ ಜನಕ್ಕ?” ಎಂದರು. “ಅವರು ಹನ್ನೆರಡ ವರ್ಷ ದಿನಾ ಎರಡ ಸಲ ಸೂಜಿ ಮಾಡ್ಕೊಂಡಾರ. ಮುಂಜಾನಿಗೊಂದು, ಸಂಜಿಗೊಂದು. ಹೊಟ್ಟಿಗೆ. ನಾನ ಚುಚ್ಚತಿದ್ದೆ. ಸೂಜಿ ಮಾಡ್ಕೊಂಡ ಮ್ಯಾಲೆ ಪೇಟಿ ಮುಂದ ಕುಂಡ್ರತಿದ್ರು.”

“ಅವ್ವಾರ, ಮೂರನೇ ನುಡಿ ನೆನಪೈತೇನ್ರಿ?”

“ಯಾಕ ಇರೂದಿಲ್ಲ? ಅದು ನಮ್ಮ ಮನಿ ಜಗಳಾ ಐತ್ರಿ. ನಾ ಹಳೀ ಕೌದಿ ಹೊಲಿಯಾಕ್ಹತ್ತಿದ್ದೆ. ಬಿಡು, ಹರೀಲಿ, ಹೊಸಾದು ತರೋಣ ಅಂದ್ರು. ತರಾಕ ಕೈಯಾಗ ಏನಿತ್ತು? ಸೂಜಿ ಕೊಟ್ಟಾಂವ ಬಂದು ಕೇಳೂತನಕಾ ಹೊಲೀತೀನಿ, ನೀವು ನಿಮ್ಮ ಪೇಟಿ ಬಾರಿಸ್ರಿ ಅಂದೆ. ಅದನ್ನ ಹಿಡಕೊಂಡು ಪದಾ ಮಾಡಿದ್ರು.”

ಅರ್ಧ ಶತಮಾನ ನಾನು ದೇಹ, ಆತ್ಮ, ಪರಮಾತ್ಮ ಎಂದು ಬಿಡಿಸಿದ ಅರ್ಥ ಗಂಡ ಹೆಂಡಿರ ಒಂದು ಮಧ್ಯಾಹ್ನದ ಜಗಳವಾಗಿತ್ತು. ಬೇರೆ ದಿನವಾಗಿದ್ದರೆ ಅವಮಾನವೆನಿಸುತ್ತಿತ್ತು. ಅಂದು ಕೈಮುಗಿದು, ಇದೆಲ್ಲವನ್ನೂ ಇನ್ನೊಮ್ಮೆ ಮೊಬೈಲಿಗೆ ಹೇಳಿರಿ ಎಂದೆ. ಹೇಳಿದರು. ಮೂರನೆಯ ನುಡಿಯನ್ನು ರಾಗವಿಲ್ಲದೆ, ಬಾಜಾರದ ಚೀಟಿ ಓದುವ ಧಾಟಿಯಲ್ಲಿ ಹೇಳಿದರು. ಅಷ್ಟು ಚೆನ್ನಾಗಿ ಅದನ್ನು ನಾನು ಎಂದೂ ಕೇಳಿರಲಿಲ್ಲ.

ಗುಂಪಿಗೂ ಕಳಿಸಿದೆ, ಅಕ್ಕನಿಗೂ ಕಳಿಸಿದೆ. ಈ ಸಲ ಕೆಳಗೆ ಏನೂ ಬರೆಯಲಿಲ್ಲ. ಗುಂಪಿನಲ್ಲಿ ಸಂಜೆಯೊಳಗೆ ತೀರ್ಮಾನವಾಯಿತು: ಮುದುಕಿಯನ್ನು ಹೆದರಿಸಿ ಹೇಳಿಸಿದ್ದಾರೆ, ಧ್ವನಿಯಲ್ಲಿ ನಡುಕವಿದೆ. ನಡುಕವಿತ್ತು. ಅವರಿಗೆ ಎಂಬತ್ತಾಗಿತ್ತು.

ಅಕ್ಕನ ಫೋನು ಮರುದಿನ ಬಂತು. ಶುಕ್ರವಾರ.

“ದಿನಾ ಎರಡೇನೋ?”

“ಎರಡು. ಹೊಟ್ಟಿಗೆ.”

ಬಹಳ ಹೊತ್ತು ನಕ್ಕಳು. ನಗುತ್ತ ನಗುತ್ತ ಕೆಮ್ಮಿದಳು. “ನನಗ ಬ್ಯಾಡ ಅಂತ ಹಾಡಿ, ತಾನು ದಿನಾ ಎರಡು ಮಾಡಿಸ್ಕೊಂಡಾನ ನೋಡು. ಗಂಡಸೂರು ಹಿಂಗ.” ಆಮೇಲೆ ಎಂದಳು, “ಆತು, ಸೋಮಾರ ಹೋಗೋಣ. ನೀ ಬಂದು ಬಾಜೂಕ ನಿಂದ್ರಬೇಕು. ಎದರ ಮನೀಯಾಕಿನೂ ಕರಕೊಂಡು ಬರ್ತೀನಿ.”

“ಕೆಮ್ಮು ಯಾವಾಗಿಂದ?”

“ನಿನ್ನೆಯಿಂದ. ದಾರದ ಧೂಳು.”

ದಾರದ ಧೂಳಲ್ಲ. ಭಾನುವಾರ ಜ್ವರ ಏರಿತು. ಸೋಮವಾರ ನಾನು ಗಜೇಂದ್ರಗಡಕ್ಕೆ ಹೋಗುವ ಬದಲು ಗದಗಿನ ದವಾಖಾನೆಯ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಬಿಡುತ್ತಿರಲಿಲ್ಲ. ಅಕ್ಕನ ಮಗಳು ಮಾತ್ರ ಒಳಗೆ ಹೋಗಿ ಬರುತ್ತಿದ್ದಳು. ಸಲೈನು ಹಚ್ಚಿದ್ದಾರೆ, ಸೂಜಿ ಮಾಡಿದ್ದಾರೆ, ಮೂಗಿಗೆ ಗಾಳಿ ಕೊಟ್ಟಿದ್ದಾರೆ ಎಂದು ತಾಸಿಗೊಮ್ಮೆ ಬಂದು ಹೇಳುತ್ತಿದ್ದಳು. ಅಕ್ಕ ಮಾತನಾಡುತ್ತಿದ್ದಾಳೆಯೇ ಎಂದು ಕೇಳಿದೆ. “ತಮ್ಮ ಉಂಡಾನೇನು ಅಂತ ಕೇಳಿದಳ್ರಿ” ಎಂದಳು. ನಾನು ಉಂಡಿರಲಿಲ್ಲ. ಉಂಡಿದ್ದಾನೆ ಎಂದು ಹೇಳು ಎಂದೆ. ನನ್ನ ಮತ್ತು ಅಕ್ಕನ ನಡುವಿನ ಕೊನೆಯ ವ್ಯವಹಾರ ಆ ಒಂದು ಸುಳ್ಳು.

ಗುರುವಾರ ಹೋದಳು. ಹೊದಿಸಲು ನಮಗೆ ಬಿಡಲಿಲ್ಲ. ಅವರೇ ಸುತ್ತಿ ಕೊಟ್ಟರು.

ಹಾಡಿನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿ ಎಂದು ಕುಳಿತು ಪ್ರಯತ್ನವನ್ನೂ ಮಾಡಿದೆ. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೇಳಿದೆ, ಕೆಟ್ಟದ್ದೇನಾದರೂ ಕಿವಿಗೆ ಬಿದ್ದೀತೇ ಎಂದು. ಎರಡನೆಯ ಸಾಲಿಗೆ ಅದೇ ನೀರು ಬಂದು ಸೇರಿತು. ಅಷ್ಟೇ ಚೆನ್ನಾಗಿತ್ತು. ಮೊದಲಿಗಿಂತ ಚೆನ್ನಾಗಿತ್ತು ಎಂದು ಬರೆದರೆ ನನ್ನ ಬಗ್ಗೆ ಓದುವವರಿಗೆ ಏನನ್ನಿಸೀತೋ ತಿಳಿಯದು, ಆದರೆ ಇದ್ದದ್ದು ಹಾಗೆ.

ಅಕ್ಕನ ದಿನದ ಕಾರ್ಯಕ್ಕೆ ಗಜೇಂದ್ರಗಡಕ್ಕೆ ಹೋದೆ. ಬಂದವರು ಎಂಟು ಹತ್ತು ಜನ, ಓಣಿಯ ಹೆಂಗಸರೇ ಹೆಚ್ಚು. ಊಟವಾದ ಮೇಲೆ ಅಕ್ಕನ ನೆನಪಿಗೆಂದು ಅವರು ಪದ ಹೇಳಿದರು. ಯಾವ ಪದವೆಂದು ಬೇರೆ ಬರೆಯಬೇಕಿಲ್ಲ. ಕೇಳಿ ಕೇಳಿ ಕಲಿತಿದ್ದರು. ಮಾಸ್ತರರ ಉಸಿರು ತೆಗೆದುಕೊಳ್ಳುವ ಜಾಗವನ್ನೂ ಬಿಟ್ಟಿರಲಿಲ್ಲ. ಎರಡನೆಯ ನುಡಿ ಮುಗಿದ ಕೂಡಲೇ ನಿಲ್ಲಿಸಿ ಕೈಮುಗಿದರು. ಅವರ ಪಾಲಿಗೆ ಪದ ಅಲ್ಲಿಗೇ ಮುಗಿಯುತ್ತಿತ್ತು.

ಎದುರು ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದು ಕುಳಿತಳು.

“ನೀವು ಸುಮ್ನ ಇದ್ದಿದ್ರ ಇನ್ನೂ ನಾಕ ವರ್ಷ ಇರ್ತಿದ್ಲರಿ ಅಣ್ಣಾರ.”

“ಸೋಮಾರ ನೀವೂ ಬರಾವರಿದ್ರಿ, ಆಕೀ ಸಂಗಾಟ,” ಎಂದೆ.

“ಇದ್ದೆ. ದೇವರ ದಯಾ, ಉಳಕೊಂಡೆ.”

“ಅಕ್ಕ ಆ ಸೂಜಿ ಮಾಡಿಸ್ಕೊಳ್ಳಲೇ ಇಲ್ರಿ. ಮಾಡಿಸ್ಕೊಳ್ಳೂ ಮೊದಲ ಜ್ವರ ಬಂತು.”

ಅವಳು ನನ್ನನ್ನು ಕರುಣೆಯಿಂದ ನೋಡಿದಳು. ಅವಳ ಕಣ್ಣಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಏನಾದರೂ ಅನ್ನಬಹುದಿತ್ತು.

“ದವಾಖಾನ್ಯಾಗ ಸೂಜಿ ಮಾಡಲಿಲ್ಲೇನ್ರಿ?”

“ಮಾಡಿದ್ರು.”

“ಮತ್ತ?”

ಅವಳು ಎದ್ದು ಎಲೆ ತೆಗೆಯಲು ಹೋದಳು. ಬಾಗಿಲಲ್ಲಿ ಆಶಾ ಕಾರ್ಯಕರ್ತೆ ನಿಂತಿದ್ದರು; ಸಂಕಟದ ಮನೆಗೆ ಬಂದಿದ್ದಕ್ಕೆ ಕೈಯಲ್ಲಿ ರಿಜಿಸ್ಟರು ಇರಲಿಲ್ಲ. ಹೊರಡುವಾಗ ಅವರು ಎದುರು ಮನೆಯವಳಿಗೆ, ನಾಳೆ ಶಾಲೆಯಲ್ಲಿ ಲಸಿಕೆಯ ಕ್ಯಾಂಪು ಇದೆ ಎಂದು ಮೆಲ್ಲಗೆ ಹೇಳಿದರು. ಅವಳು ಎಂಜಲೆಲೆಗಳನ್ನು ಮಡಿಸುತ್ತ, ಹೂಂ ಎಂದಳು. ನಮ್ಮ ಕಡೆ ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ.